ಗೀಸರ್ ಸ್ವಿಚ್ ಆಫ್ ಇದ್ದರೂ ಆರ್‌ಸಿಸಿಬಿ ಬೀಳುತ್ತಿದೆ, 32 ಆಂಪ್ ಎಂಸಿಬಿ ಹಾಕಿಸಬಹುದೇ?

ಬೆಳಕಿಂಡಿ (ಪ್ರಶ್ನೆ)

ಮನೆಯ ಡಿಬಿಯಲ್ಲಿ (ಕರೆಂಟ್ ಹಂಚುವ ಪೆಟ್ಟಿಗೆ) 40 ಆಂಪ್, 30 ಮಿಲಿಆಂಪ್‌ನ ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಅದರ ಪಕ್ಕ ಒಂದೊಂದು ಲೈನಿಗೆ ಒಂದರಂತೆ ಆರು ಸಿಂಗಲ್ ಪೋಲ್ ಎಂಸಿಬಿಗಳಿವೆ (ಲೋಡ್ ಮಿತಿ ಮೀರಿದರೆ ಬೀಳುವ ಸ್ವಿಚ್). ಮೂರು ದಿನದಿಂದ ಆರ್‌ಸಿಸಿಬಿ ಬಿದ್ದು ಇಡೀ ಮನೆಯ ಕರೆಂಟ್ ಹೋಗುತ್ತಿದೆ. ಎಂಸಿಬಿ ಯಾವುದೂ ಬೀಳುವುದಿಲ್ಲ. 2000 ವ್ಯಾಟ್ ಗೀಸರ್ ಮೇಲೆ ಅನುಮಾನ ಬಂದು ಅದರ ಸ್ವಿಚ್ ಆಫ್ ಮಾಡಿಟ್ಟರೂ, ಬೇರೆ ರೂಮಿನಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದ ಕೂಡಲೇ ಬೀಳುತ್ತದೆ. ಒಂದೆರಡು ಲೈಟು, ಫ್ಯಾನು ಮಾತ್ರ ಇದ್ದರೆ ನಿಲ್ಲುತ್ತದೆ. ಗೀಸರ್ ಲೈನಿನ 16 ಆಂಪ್ ಎಂಸಿಬಿ ತೆಗೆದು 32 ಆಂಪ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಿದ್ದಾರೆ. ಹಾಕಿಸಬಹುದೇ?

ತಾಮ್ರದೆಳೆ

ಖಂಡಿತ ಬೇಡ. ಬೀಳುತ್ತಿರುವುದು ಆರ್‌ಸಿಸಿಬಿ, ಎಂಸಿಬಿ ಅಲ್ಲ. ಎಂಸಿಬಿ ನೋಡುವುದು ಓವರ್‌ಲೋಡ್ ಮತ್ತು ಶಾರ್ಟ್ ಮಾತ್ರ. ಆರ್‌ಸಿಸಿಬಿ ನೋಡುವುದು ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬಂತೇ ಎಂಬುದನ್ನು. 30 ಮಿಲಿಆಂಪ್‌ನದ್ದು, ಆ ವ್ಯತ್ಯಾಸ 15ರಿಂದ 30 ಮಿಲಿಆಂಪ್‌ನೊಳಗೆ ಎಲ್ಲಿ ಬೇಕಾದರೂ ಬೀಳಬಹುದು. ನಿಮ್ಮ ಗೀಸರ್ ಎಳೆಯುವುದು ಸುಮಾರು 8.7 ಆಂಪ್, ಅದಕ್ಕೆ 16 ಧಾರಾಳ. 32 ಆಂಪ್ ಎಂಸಿಬಿ ಎಂದರೆ 36 ಆಂಪ್ ಹರಿದರೂ ಒಂದು ಗಂಟೆ ಬೀಳದೆ ನಿಲ್ಲುವಂಥದ್ದು. ಗೀಸರ್ ಲೈನಿಗೆ ಸಾಮಾನ್ಯವಾಗಿ ಎಳೆದಿರುವ 2.5 ಚದರ ಮಿಮೀ ವೈರು ಪೈಪಿನೊಳಗೆ ಅಷ್ಟು ಹೊತ್ತು ಅದನ್ನು ತಡೆಯದು, ಇನ್ಸುಲೇಷನ್ ಕರಗುತ್ತದೆ.

ಈಗ ಮಾಡಬೇಕಾದದ್ದು: ಕೈ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಡಿಬಿ ಕೆಳಗೆ ನೆಲ ಒದ್ದೆ ಇರಬಾರದು. ಡಿಬಿಯಿಂದ ಸುಟ್ಟ ವಾಸನೆ ಬಂದರೆ ಅಥವಾ ಕಪ್ಪಾಗಿದ್ದರೆ ಅದನ್ನು ಮುಟ್ಟಬೇಡಿ, ಮೀಟರ್ ಬಳಿಯ ಮೇನ್ ಸ್ವಿಚ್ ಇಳಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಹಾಗೇನೂ ಇಲ್ಲದಿದ್ದರೆ ಎಲ್ಲ ಎಂಸಿಬಿ ಇಳಿಸಿ. ಗೀಸರ್, ವಾಷಿಂಗ್ ಮಷಿನ್, ಫ್ರಿಜ್, ಸಂಪ್ ಮೋಟರ್ ಇವುಗಳ ಪ್ಲಗ್ಗುಗಳನ್ನು ಕಿತ್ತಿಡಿ. ಆರ್‌ಸಿಸಿಬಿ ಲಿವರನ್ನು ಮೊದಲು ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆತ್ತಿ. ನಂತರ ಎಂಸಿಬಿಗಳನ್ನು ಒಂದೊಂದಾಗಿ ಹಾಕಿ, ಇಸ್ತ್ರಿಪೆಟ್ಟಿಗೆ ಕೊಟ್ಟು ನೋಡಿ, ಆಮೇಲೆ ಪ್ಲಗ್ಗುಗಳನ್ನು ಒಂದೊಂದಾಗಿ. ಯಾವುದನ್ನು ಕೊಟ್ಟಾಗ ಬಿತ್ತೋ ಕಳ್ಳ ಅದೇ. ಎಲ್ಲ ಎಂಸಿಬಿ ಕೆಳಗಿದ್ದಾಗಲೂ ಆರ್‌ಸಿಸಿಬಿ ನಿಲ್ಲದಿದ್ದರೆ ಮತ್ತೆ ಮತ್ತೆ ಎತ್ತಬೇಡಿ. ಅದು ವೈರಿಂಗಿನ ಅಥವಾ ಆರ್‌ಸಿಸಿಬಿಯದ್ದೇ ದೋಷ.

ಶೂನ್ಯರೇಖೆ

ಮೇಲಿನ ಮಾತಿನಲ್ಲಿ 'ಪ್ಲಗ್ ಕಿತ್ತಿಡಿ' ಎನ್ನುವುದೇ ಮುಖ್ಯ, ಸ್ವಿಚ್ ಆಫ್ ಮಾಡಿದರೆ ಸಾಲದು. ಗೋಡೆಯ ಸ್ವಿಚ್ಚೂ ಸಿಂಗಲ್ ಪೋಲ್ ಎಂಸಿಬಿಯೂ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಹಾಗೇ ಕೂಡಿಕೊಂಡಿರುತ್ತದೆ. ಗೀಸರಿನೊಳಗೆ ನೀರು ಕಾಯಿಸುವ ಕಾಯಿಲ್ ನ್ಯೂಟ್ರಲ್ ತುದಿಯ ಹತ್ತಿರ ಒಡೆದು ಟ್ಯಾಂಕಿಗೆ, ಅಂದರೆ ಅರ್ಥಿಗೆ ತಾಗಿದ್ದರೆ, ಇಸ್ತ್ರಿಪೆಟ್ಟಿಗೆಯ ಕರೆಂಟು ವಾಪಸ್ ಹೋಗುವಾಗ ಒಂದು ಪಾಲು ಗೀಸರ್ ಮೂಲಕ ಅರ್ಥಿಗೆ ಇಳಿಯುತ್ತದೆ. ಲೋಡ್ ಸಣ್ಣದಿದ್ದರೆ ಆ ಪಾಲೂ ಸಣ್ಣದು, ಆರ್‌ಸಿಸಿಬಿ ನಿಲ್ಲುತ್ತದೆ. ದೊಡ್ಡ ಲೋಡಿಗೆ ಬೀಳುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೇ ಹೊಂದುತ್ತದೆ.

ಇನ್ನೊಂದು ಎಚ್ಚರಿಕೆ. ಟ್ರಿಪ್ ನಿಲ್ಲಲೆಂದು ಗೀಸರಿನ ಅರ್ಥ್ ವೈರು ಕಳಚುವವರಿದ್ದಾರೆ, ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುವವರೂ ಇದ್ದಾರೆ. ಎರಡೂ ಪ್ರಾಣಕ್ಕೆ ಎರವಾಗುವ ಕೆಲಸ. ಅರ್ಥ್ ಇಲ್ಲದಿದ್ದರೆ ಸೋರುವ ಕರೆಂಟಿಗೆ ಉಳಿಯುವ ದಾರಿ ನಲ್ಲಿ, ನೀರು, ಸ್ನಾನ ಮಾಡುತ್ತಿರುವವರ ಮೈ.

ಬೆಳಕಿಂಡಿ

ಗೀಸರ್ ಪ್ಲಗ್ ಕಿತ್ತ ಮೇಲೆ ಇಸ್ತ್ರಿ, ಮಿಕ್ಸಿ, ವಾಷಿಂಗ್ ಮಷಿನ್ ಎಲ್ಲ ಒಟ್ಟಿಗೆ ಹಾಕಿದರೂ ನಿಂತಿದೆ. ಮಲ್ಟಿಮೀಟರ್‌ನಲ್ಲಿ ಕಾಯಿಲ್ 26 ಓಮ್ ತೋರಿಸುತ್ತಿದೆ. ಹಾಗಾದರೆ ಕಾಯಿಲ್ ಸರಿಯಿದೆ ಅಲ್ಲವೇ? ನಮ್ಮದು ಬೋರ್‌ವೆಲ್ ನೀರು.

ಶೂನ್ಯರೇಖೆ

26 ಓಮ್ ಎಂದರೆ ಒಳಗಿನ ತಂತಿ ತುಂಡಾಗಿಲ್ಲ ಎಂದಷ್ಟೇ ಅರ್ಥ. ನೋಡಬೇಕಾದದ್ದು ಪ್ಲಗ್ಗಿನ ಅರ್ಥ್ ಪಿನ್ನಿಗೂ ಉಳಿದೆರಡು ಪಿನ್ನಿಗೂ ನಡುವೆ, ಗೀಸರಿನದೇ ಸ್ವಿಚ್ ಇದ್ದರೆ ಅದನ್ನು ಆನ್ ಮಾಡಿಟ್ಟು. ಅಲ್ಲಿ ಕೆಲವು ಓಮ್, ಕೆಲವು ಕಿಲೋಓಮ್ ಬಂದರೆ ಕಾಯಿಲ್ ಹೋಗಿದೆ. ಏನೂ ತೋರಿಸದಿದ್ದರೂ ನಂಬಬೇಡಿ. ಮಲ್ಟಿಮೀಟರಿನ ಬ್ಯಾಟರಿ ವೋಲ್ಟೇಜಿಗೆ ಕಾಣದ ಸೋರಿಕೆ 500 ವೋಲ್ಟಿನ ಮೆಗ್ಗರ್‌ಗೆ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಸಿಗುತ್ತದೆ. ಎಲೆಕ್ಟ್ರಿಷಿಯನ್ ಬಳಿ ಅದು ಇದೆಯೇ ಎಂದು ಮೊದಲೇ ಕೇಳಿ. ಅದರಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಕಾಯಿಲ್ ಬದಲಿಸಬೇಕು.

ಬೋರ್‌ವೆಲ್ ನೀರಿನ ಸುಣ್ಣ ಕಾಯಿಲ್ ಮೇಲೆ ಗಟ್ಟಿಯಾದರೆ ಶಾಖ ಹೊರಗೆ ಹೋಗದೆ ಕವಚ ಬಿರಿಯುತ್ತದೆ, ಆ ಬಿರುಕಿನಿಂದ ಒಳಗೆ ತುಂಬಿರುವ ಇನ್ಸುಲೇಷನ್ ಪುಡಿಗೆ ನೀರು ಇಳಿದು ಲೀಕೇಜ್ ಶುರುವಾಗುತ್ತದೆ.

ತಾಮ್ರದೆಳೆ

ಕಾಯಿಲ್ ಜೊತೆ ರಬ್ಬರ್ ಗ್ಯಾಸ್ಕೆಟನ್ನೂ ಹೊಸದು ಹಾಕಿಸಿ, ಹಳೆಯದು ಸಾಮಾನ್ಯವಾಗಿ ಸೋರುತ್ತದೆ. ಆನೋಡ್ ರಾಡ್ (ಟ್ಯಾಂಕಿನ ಬದಲು ತಾನು ಸವೆಯುವ ಲೋಹದ ಕಡ್ಡಿ) ಸವೆದಿದ್ದರೆ ಅದನ್ನೂ ಬದಲಿಸಿ, ಟ್ಯಾಂಕ್ ಉಳಿಯುತ್ತದೆ. ಮುಗಿದ ಮೇಲೆ ಬಿಸಿನೀರಿನ ನಲ್ಲಿ ತೆರೆದು, ಗಾಳಿ ಹೋಗಿ ನೀರು ಒಂದೇ ಸಮನೆ ಬರುವವರೆಗೆ ಕಾಯಿರಿ. ಆಮೇಲೆಯೇ ಪ್ಲಗ್. ನೀರಿಲ್ಲದೆ ಹಾಕಿದರೆ ಹೊಸ ಕಾಯಿಲ್ ಅಲ್ಲೇ ಸುಡುತ್ತದೆ.