ಚಿಕ್ಕ ದಿನಸಿ ಅಂಗಡಿಯಲ್ಲಿ ಸಂಜೆಯ ನೂಕುನುಗ್ಗಲಿಗೆ ಪರಿಹಾರವೇನು?

ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯ ದಿನಸಿ ಅಂಗಡಿಯಲ್ಲಿ, ಅದರಲ್ಲೂ ಗೌರಿ-ಗಣೇಶ ಹಬ್ಬದ ಹಿಂದಿನ ದಿನಗಳಲ್ಲಿ, ಸಾಮಾನು ತೂಗಿಸಿಕೊಳ್ಳುವವರೂ ಹಣ ಕೊಡುವವರೂ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ಸೇರುವುದರಿಂದ ವಯಸ್ಸಾದವರಿಗೆ ನಿಲ್ಲಲೂ ಸ್ಥಳವಿರುವುದಿಲ್ಲ. ಮಾಲೀಕರಿಗೆ ಏನು ಸಲಹೆ ನೀಡಬಹುದು?

ಉತ್ತರ: ಬೇಳೆ, ಸಕ್ಕರೆ, ರವೆಗಳನ್ನು ಮಧ್ಯಾಹ್ನದ ಬಿಡುವಿನಲ್ಲೇ ಅರ್ಧ ಮತ್ತು ಒಂದು ಕೆಜಿ ಪೊಟ್ಟಣಗಳಾಗಿ ಕಟ್ಟಿಟ್ಟರೆ ಸಂಜೆ ತಕ್ಕಡಿಯ ಮುಂದೆ ಕಾಯುವುದು ಬಹಳ ಕಡಿಮೆಯಾಗುತ್ತದೆ. ಇಂತಹ ಅಂಗಡಿಗಳಲ್ಲಿ ದಟ್ಟಣೆಗೆ ಜಾಗದ ಕೊರತೆಗಿಂತ ತೂಕದ ವಿಳಂಬವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಉತ್ತರ: ಒಪ್ಪುತ್ತೇನೆ. ತಿಂಗಳ ಸಾಮಾನಿನ ಚೀಟಿಯನ್ನು ಬೆಳಿಗ್ಗೆಯೇ ವಾಟ್ಸ್‌ಆ್ಯಪ್‌ನಲ್ಲಿ ಪಡೆದು ಚೀಲ ಸಿದ್ಧಪಡಿಸಿಡಲಿ. ಹಾಲು, ಬ್ರೆಡ್ ಬಾಗಿಲ ಬಳಿಯೇ ಇರಲಿ.

ಉತ್ತರ: 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳ ಮುಂದೆ ವೃತ್ತಗಳನ್ನು ಬರೆದಾಗ ಜನರು ಸಾಲಾಗಿ ನಿಂತಿದ್ದರು, ಆ ಕ್ರಮ ಇಂದಿಗೂ ಸಾಧ್ಯ. ಆದರೆ ಜಾಗ ಸಾಲದೆಂದು ಪಾದಚಾರಿ ಮಾರ್ಗದಲ್ಲಿ ಮೂಟೆಗಳನ್ನು ಜೋಡಿಸುವುದು ಮಾತ್ರ ಸರಿಯಲ್ಲ.