ಅಪ್‌ಡೇಟ್: ಸಾಹಸ ಪ್ರಯಾಣ ಬಾದಾಮಿಯಲ್ಲೇ ಮುಗೀತು

ಮಗಳಿಗೆ ಡ್ಯೂಕ್ ಆಫ್ ಎಡಿನ್‌ಬರೋ ಇಂಟರ್‌ನ್ಯಾಷನಲ್ ಅವಾರ್ಡಿನ (ಹರೆಯದವರು ಕೌಶಲ ಕಲಿತು, ಸೇವೆ, ಸಾಹಸ ಪ್ರಯಾಣ ಮಾಡಿ ಗಳಿಸೋ ಪ್ರಶಸ್ತಿ) ಮೊದಲ ಹಂತವಾದ ಕಂಚಿನಲ್ಲಿ ಸಾಹಸ ಪ್ರಯಾಣ ಬಾಕಿ ಇತ್ತು, ಕಸೂತಿ ಕಲಿತದ್ದಕ್ಕೆ ಸಹಿಯೂ ಬೇಕಿತ್ತು, ಬಾಗಲಕೋಟೆಯಲ್ಲಿದ್ದೇ ಆಗುತ್ತಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಎರಡೂ ಆದವು!

ಕೆಲವರು ಕೊಟ್ಟ ದಾಂಡೇಲಿ ಪ್ಯಾಕೇಜ್ ಟೂರ್ ಸಲಹೆ ನಡೀಲಿಲ್ಲ. ದಾರಿ, ಊಟ, ವಸತಿ ಎಲ್ಲ ಮಕ್ಕಳೇ ಯೋಜಿಸಬೇಕು, ಸ್ವಂತ ಶ್ರಮದಿಂದಲೇ ಸಾಗಬೇಕು ಅಂದ್ರು ಮಕ್ಕಳಿಗೆ ಮಾರ್ಗದರ್ಶನ ಮಾಡೋ ಅವಾರ್ಡ್ ಲೀಡರ್. ಕಂಚಿಗೆ ಎರಡು ಹಗಲು, ಒಂದು ರಾತ್ರಿ. ದಿನಕ್ಕೆ ಕನಿಷ್ಠ 6 ತಾಸಿನ ಚಟುವಟಿಕೆ. ಅದಕ್ಕೂ ಮೊದಲು ತರಬೇತಿ, ಅಭ್ಯಾಸ ಪ್ರಯಾಣ ಕಡ್ಡಾಯ.

ಕೈಹಿಡಿದದ್ದು ಬಾದಾಮಿಯಿಂದ ಗುಡ್ಡದ ಕಾಲುದಾರಿಯಲ್ಲಿ ಮಹಾಕೂಟ, ಅಲ್ಲಿಂದ ಪಟ್ಟದಕಲ್ಲು ಅಂತ ಬರೆದ ಅಕ್ಕಾರ ಸಲಹೆ. ಹಳೆಯ ನೀರಿನ ತಾಣಗಳ ಅಧ್ಯಯನವನ್ನೇ ತಂಡ ಉದ್ದೇಶ ಮಾಡಿಕೊಂಡಿತು. ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ಮೆಟ್ಟಿಲು, ಮಹಾಕೂಟದ ಪುಷ್ಕರಣಿ ಎರಡನ್ನೂ ಮಗಳು ನೋಟ್‌ಬುಕ್ಕಿನಲ್ಲಿ ಬಿಡಿಸಿದ್ದಾಳೆ, ನೋಡಿ ಕಣ್ತುಂಬಿ ಬಂತು. ರಾತ್ರಿ ಪರಿಚಯದವರ ಹೊಲದಲ್ಲಿ ಟೆಂಟ್, ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬಾದಾಮಿಯಲ್ಲಿ ಮಂಗ್ಯಾಗಳ ಕಾಟ ಭಾಳ, ತಿನ್ನೋದನ್ನ ಕೈಯಲ್ಲಿ ಹಿಡಿದು ನಡೀಬ್ಯಾಡ್ರಿ.

ಗೊತ್ತಿಲ್ಲದ ಸಂಗತಿ ಒಂದು ತಿಳೀತು: ಕಲಿತದ್ದನ್ನ ನೋಡಿ ಸಹಿ ಮಾಡೋ ಮೌಲ್ಯಮಾಪಕರು ಮನೆಯವರಾಗುವಂತಿಲ್ಲ. ಕಸೂತಿ ಕಲಿಸಿದ್ದು ಅವಳ ಅಜ್ಜಿ. ಕಸೂತಿಯ ಗವಂತಿ ಅನ್ನೋ ಹೊಲಿಗೆ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು, ಗಂಟು ಹಾಕಬಾರದು. ಅಜ್ಜಿ ಬಿಚ್ಚಿಸಿ ಬಿಚ್ಚಿಸಿ ಹಾಕಿಸಿದ್ರು. ಕೊನೆಗೆ ಓಣಿಯ ಹೊಲಿಗೆ ಟೀಚರ್ ಅರಿವೆ ತಿರುವಿ ನೋಡಿ, ಮಗಳಿಂದ ತಮ್ಮೆದುರೇ ಮುರ್ಗಿ (ಅಂಕುಡೊಂಕಿನ ಕಸೂತಿ ಹೊಲಿಗೆ) ಹಾಕಿಸಿ, ಆಮೇಲೆ ಸಹಿ ಮಾಡಿದ್ರು. ನಿಮ್ಮಲ್ಲೂ ಮನೆಯವರೇ ಕಲಿಸ್ತಿದ್ರೆ ಹೊರಗಿನ ಜಾಣರೊಬ್ಬರನ್ನ ಶುರುವಿನಲ್ಲೇ ಗೊತ್ತು ಮಾಡಿಕೊಳ್ರಿ.