ಉದ್ರಿ ಪುಸ್ತಕ ದಪ್ಪ ಆಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ತೆ ಸರ್. ಬೊಮ್ಮನಹಳ್ಳಿ ಹತ್ತಿರ ನನ್ನದೊಂದು ದಿನಸಿ ಅಂಗಡಿ ಇದೆ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ಮೂರು ತಿಂಗಳಿಂದ ಉದ್ರಿ ಏರುತ್ತಲೇ ಇದೆ. ಯಾರನ್ನೂ ಕೆಲಸದಿಂದ ತೆಗೆದಿಲ್ಲವಂತೆ, ಸಂಬಳವೂ ಬರುತ್ತಿದೆಯಂತೆ. ಮತ್ತೆ ದುಡ್ಡು ಎಲ್ಲಿ ಹೋಯ್ತು? ಉದ್ರಿ ಕೊಡುವುದು ನಿಲ್ಲಿಸಿಬಿಡಲಾ?

ಉತ್ತರ (ನಿವೃತ್ತ ಬ್ಯಾಂಕ್ ಮ್ಯಾನೇಜರ್): ಮೇಡಂ, ಕೆಲಸ ಇದೆಯಾ ಅಂತ ಕೇಳಬೇಡಿ. ಓಟಿ, ಅಂದರೆ ಪಾಳಿ ಮುಗಿದ ಮೇಲಿನ ಹೆಚ್ಚುವರಿ ಕೆಲಸ, ಇದೆಯಾ ಅಂತ ಕೇಳಿ ನೋಡಿ. ಆರ್ಡರ್ ಕಡಿಮೆಯಾದಾಗ ಫ್ಯಾಕ್ಟರಿ ಮೊದಲು ಕತ್ತರಿ ಹಾಕುವುದು ಅದಕ್ಕೇ. ಆಮೇಲೆ ಬಿಟ್ಟುಹೋದವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಬಾಗಿಲು ಹಾಕುವುದು ಕೊನೆಗೆ. ಓಟಿಗೆ ಕಾನೂನಿನ ಪ್ರಕಾರ ಡಬಲ್ ಕೂಲಿ, ಅಲ್ವಾ? ಸಂಬಳ ಬಾಡಿಗೆಗೂ ಮಕ್ಕಳ ಫೀಸಿಗೂ ಸರಿಹೋಗುತ್ತದೆ. ದಿನಸಿ, ಚೀಟಿ, ಊರಿಗೆ ಕಳಿಸುವ ದುಡ್ಡು ಎಲ್ಲ ಆ ಓಟಿಯದು.

2008ರಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಸೆಪ್ಟೆಂಬರ್ 15ಕ್ಕೆ ನ್ಯೂಯಾರ್ಕಿನ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಎದ್ದಿತು. ಹೊರದೇಶದವರು ಕೊಳ್ಳುವುದು ಕಡಿಮೆ ಮಾಡಿದರು. ಅಕ್ಟೋಬರ್‌ಗೆ ನಮ್ಮ ದೇಶದ ರಫ್ತು ಇಳಿಯತೊಡಗಿತು. ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಶೇ. 9ರಿಂದ 2009ರ ಏಪ್ರಿಲ್ ಹೊತ್ತಿಗೆ ಶೇ. 4.75ಕ್ಕೆ ತಂದಿತು. ಒಳ್ಳೆಯದೇ. ಆದರೆ ಅದರಿಂದ ಯಾರ ಮನೆಗೂ ಬೇಳೆ ಬರಲಿಲ್ಲ. ನಮ್ಮ ಶಾಖೆಯಲ್ಲಿ ಚಿನ್ನದ ಸಾಲಕ್ಕೆ ಮೊದಲು ಓಲೆಗಳು ಬಂದವು. ಆಮೇಲೆ ತಾಳಿಯನ್ನು ಅರಿಶಿನ ದಾರಕ್ಕೆ ಕಟ್ಟಿಕೊಂಡು, ಸರ ಗಿರವಿಗೆ ತಂದರು.

ಉದ್ರಿ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಅವರು ಕೈಲಿರುವ ದುಡ್ಡು ಹಿಡಿದು ಪಕ್ಕದ ಅಂಗಡಿಗೆ ಹೋಗುತ್ತಾರೆ, ಹಳೇ ಬಾಕಿಗೂ ಮುಖ ತೋರಿಸುವುದಿಲ್ಲ. ಮನೆಗಿಷ್ಟು ಅಂತ ಮಿತಿ ಹಾಕಿ. ಅಕ್ಕಿ, ಬೇಳೆ, ಎಣ್ಣೆಗೆ ಉದ್ರಿ. ಶಾಂಪೂ, ಬಿಸ್ಕತ್ತಿಗೆ ನಗದು. ನಿಮ್ಮ ಹೋಲ್‌ಸೇಲ್‌ನವರು ಎಷ್ಟು ದಿನದ ವಾಯಿದೆ ಕೊಡುತ್ತಾರೋ ಅದಕ್ಕಿಂತ ಜಾಸ್ತಿ ನೀವು ಕೊಡಬೇಡಿ. ನಾನು ನೋಡಿದ ಹಾಗೆ ಚಿಕ್ಕ ಅಂಗಡಿಗಳು ಮುಳುಗುವುದು ಈ ಲೆಕ್ಕ ತಪ್ಪಿದಾಗಲೇ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಟೈಲರ್, ಏಳು ವರ್ಷದ ಸರ್ವೀಸ್. ರಾಜೀನಾಮೆ ಬರೆದುಕೊಡಿ, ಪಿಎಫ್ ಬೇಗ ಸಿಗುತ್ತದೆ ಅಂತ ಆಫೀಸಿನವರು ಹೇಳುತ್ತಿದ್ದಾರೆ. ಬರೆದುಕೊಡಲಾ?

ಉತ್ತರ: ಬೇಡಮ್ಮ. ಕೆಲಸ ಇಲ್ಲವೆಂದು ಅವರೇ ತೆಗೆದರೆ, ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ನಿಮಗೆ 105 ದಿನದ್ದು. ಮೇಲೆ ಕನಿಷ್ಠ ಒಂದು ತಿಂಗಳ ನೋಟಿಸ್, ಇಲ್ಲವೇ ಅಷ್ಟು ಅವಧಿಯ ಸಂಬಳ. ನೀವಾಗಿಯೇ ಬಿಟ್ಟೆ ಅಂತ ಸಹಿ ಹಾಕಿದರೆ ಇವೆರಡೂ ಹೋದವು. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ (ಕೆಲಸ ಬಿಡುವಾಗ ಸರ್ವೀಸ್ ಲೆಕ್ಕದಲ್ಲಿ ಮಾಲೀಕರು ಕೊಡುವ ಇಡಿಗಂಟು) ಹೇಗಿದ್ದರೂ ಬರುತ್ತದೆ. ಪಿಎಫ್ ನಿಮ್ಮದೇ ದುಡ್ಡು, ಅವರ ಉಪಕಾರ ಅಲ್ಲ. 2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂದಾಗ ನಿಮ್ಮಂಥ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಕಷ್ಟಕ್ಕೆ ಇರುವ ಗಂಟು ಅದೊಂದೇ ಅಂತ ಅವರಿಗೆ ಗೊತ್ತಿತ್ತು. ಸಹಿ ಹಾಕುವ ಮುಂಚೆ ಯೂನಿಯನ್‌ನವರನ್ನೋ ಕಾರ್ಮಿಕ ಇಲಾಖೆಯನ್ನೋ ಕೇಳಿ.

ಅಂಗಡಿಯವರು: ಇಬ್ಬರನ್ನು ಕೇಳಿದೆ ಸರ್. ಓಟಿ ನಿಂತು ಮೂರು ತಿಂಗಳಾಯಿತಂತೆ. ಇನ್ನು ನನ್ನ ಲೆಕ್ಕ: ಹೋಲ್‌ಸೇಲ್‌ನವರು ಕೊಡುವ ವಾಯಿದೆ 15 ದಿನ. ನಾನು ಸುಮ್ನೆ ಒಂದೂವರೆ ತಿಂಗಳು ಕೊಟ್ಟು ಕೂತಿದ್ದೇನೆ!